ಒಂದೇ ಎಳೆತಕ್ಕೆ ಬಿಚ್ಚುವ ಪೊಟ್ಟಣ

ಕಳೆದ ವಾರ ಶಾಲು ಹುಡುಕುತ್ತ ಬೀರುವಿನ ತಳದಲ್ಲಿದ್ದ ಹಳೆಯ ಬಟ್ಟೆಚೀಲವನ್ನು ಕೊಡವಿದಾಗ ಒಂದು ಪೊಟ್ಟಣ ಬಿತ್ತು. ಪೇಪರಿನ ಹಾಳೆಯಲ್ಲಿ ಸುತ್ತಿ, ಬಿಳಿ ದಾರ ಕಟ್ಟಿದ, ಅಂಗೈಯಗಲದ ಪೊಟ್ಟಣ. ಒಳಗಿದ್ದದ್ದು ಶುಂಠಿ ಪುಡಿ ಎಂದು ನೋಡದೆಯೇ ಗೊತ್ತಾಯಿತು. ಆದರೆ ಮೂಗಿಗೆ ಹಿಡಿದರೆ ಶುಂಠಿಯೊಂದೇ ಅಲ್ಲ, ಬಜೆ, ಹಿಪ್ಪಲಿ, ಲವಂಗ, ಕರ್ಪೂರ, ಹಳೆಯ ಮರದ ಡ್ರಾಯರು... ಕಡೂರಿನ ಆ ಗ್ರಂಥಿಗೆ ಅಂಗಡಿ ಇಡಿಯಾಗಿ ತರೀಕೆರೆಯ ನಮ್ಮ ಮನೆಯೊಳಗೆ ಬಂದು ಕೂತಿತು. ನಾನು ಬೀರುವಿನ ಬಾಗಿಲು ಹಾಕುವುದನ್ನೂ ಮರೆತು ಮಂಚದ ಮೇಲೆ ಕುಳಿತೆ.

ನಾನು ಕಡೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ಇದ್ದಕ್ಕಿದ್ದಂತೆ ಅಲ್ಲ, ನಿಧಾನವಾಗಿ, ಮೈಯೆಲ್ಲ ನೋಯಲು ಶುರುವಾಯಿತು. ಇವತ್ತು ಭುಜ, ನಾಳೆ ಸೊಂಟ, ನಾಡಿದ್ದು ಬೆರಳ ಗೆಣ್ಣು. ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಎದ್ದರೆ ಯಾರೋ ಹೊಡೆದು ಹಾಕಿದ ಹಾಗಿರುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತುವುದೇ ಒಂದು ಕೆಲಸವಾಯಿತು. ರಕ್ತ ಪರೀಕ್ಷೆ, ಎಕ್ಸ್‌ರೇ, ಎಲ್ಲ ಆಯಿತು. ನನ್ನ ಗಂಡ ರಿಪೋರ್ಟುಗಳನ್ನು ಓದಿ, "ಎಲ್ಲಾ ನಾರ್ಮಲ್ ಕಣೇ, ಖುಷಿಪಡು" ಎಂದರು. ಅವರು ಕೆಟ್ಟವರಲ್ಲ, ಕಾಗದದಲ್ಲಿ ಇದ್ದದ್ದನ್ನು ಓದಿದರು ಅಷ್ಟೆ. ಸ್ಟಾಫ್ ರೂಮಿನಲ್ಲಿ ಮಾತ್ರ "ನೋಡೋಕೆ ಚೆನ್ನಾಗೇ ಇದೀರಲ್ಲ" ಎನ್ನುವವರನ್ನು ಕಂಡರೆ ನನಗೆ ಮೈ ಉರಿದುಹೋಗುತ್ತಿತ್ತು.

ಕೊನೆಗೆ ಶಿವಮೊಗ್ಗದ ಡಾಕ್ಟರೊಬ್ಬರು ನನ್ನ ಮಾತನ್ನು ಪೂರ್ತಿ ಕೇಳಿ, ಅಲ್ಲಲ್ಲಿ ಒತ್ತಿ ನೋಡಿ, ಇದಕ್ಕೆ ಫೈಬ್ರೊಮಯಾಲ್ಜಿಯ ಎನ್ನುತ್ತಾರೆ ಎಂದರು. ಕಾಯಿಲೆಯ ಹೆಸರು ಕೇಳಿ ಸಂತೋಷಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು. ರಾತ್ರಿಗೆ ಒಂದು ಮಾತ್ರೆ ಕೊಟ್ಟರು. ಪೂರ್ತಿ ವಾಸಿಯಾಗುತ್ತದೆಂದು ಹೇಳಲಾರೆ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದರು. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ.

ಅದು ಸುಳ್ಳೆಂದು ನನಗೆ ಆಗ ಅನ್ನಿಸಲಿಲ್ಲ. ನಮ್ಮ ಕಡೆ ಅಡುಗೆಮನೆಯ ಡಬ್ಬಿಯಿಂದ, ಗ್ರಂಥಿಗೆ ಅಂಗಡಿಯಿಂದ ಬಂದದ್ದನ್ನು ಯಾರೂ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬುಕ್ಕಾಂಬುಧಿಯಿಂದ ಅಮ್ಮ ಫೋನು ಮಾಡಿ ಅಶ್ವಗಂಧವನ್ನು ಹಾಲಿನಲ್ಲಿ ಕುಡಿ ಎಂದಿದ್ದರು. ಲಿಂಗದಹಳ್ಳಿಯ ಚಿಕ್ಕಮ್ಮ ಅರಿಶಿನ, ಮೆಣಸು, ಬೆಲ್ಲ ಹಾಕಿದ ಲೇಹ್ಯ ಕಳಿಸಿದ್ದರು. ನಾದಿನಿ ಮೆಗ್ನೀಷಿಯಂ ಕ್ಯಾಪ್ಸೂಲು, ಮೀನೆಣ್ಣೆ ಗುಳಿಗೆ ತಂದುಕೊಟ್ಟಿದ್ದಳು. ಗಂಡನ ಸ್ನೇಹಿತರೊಬ್ಬರು ಹೆಸರೇ ಇಲ್ಲದ ಡಬ್ಬಿಯಲ್ಲಿ ಕೀಲುನೋವಿನ ಪುಡಿ ಕೊಟ್ಟಿದ್ದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಬುತ್ತಿಯ ಜೊತೆ ಅವೂ ಚೀಲದಲ್ಲಿ ಶಾಲೆಗೆ ಬರುತ್ತಿದ್ದವು.

ಅಶ್ವಗಂಧ ಕೊಳ್ಳಲು ಹೋದಾಗಲೇ ಆ ಗ್ರಂಥಿಗೆ ಅಂಗಡಿಯ ಯಜಮಾನರ ಪರಿಚಯವಾದದ್ದು. ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಪೂಜೆ ಸಾಮಾನು ಒಂದು ಕಡೆ, ಬೇರು-ನಾರು ಒಂದು ಕಡೆ. ಬೆಳ್ಳಗಿನ ಅರ್ಧ ತೋಳಿನ ಅಂಗಿ, ಕಿವಿಯ ಮೇಲೆ ಪೆನ್ಸಿಲು. ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಮೊದಲ ದಿನ ಪೊಟ್ಟಣವನ್ನು ಅಲ್ಲಿಯೇ ಬಿಚ್ಚಿ ವಾಸನೆ ನೋಡಲು ಹೋದೆ. ಗಂಟು ಬಿಗಿಯಾಗಿತ್ತು, ನನ್ನ ಬೆರಳು ಒಪ್ಪಲಿಲ್ಲ. ಆ ಕಡೆ ತಿರುಗಿಕೊಂಡು ಹಲ್ಲಿನಲ್ಲಿ ಕಚ್ಚಿ ಎಳೆದೆ. ಅವರು ತಕ್ಕಡಿ ಒರೆಸುತ್ತಿದ್ದರು. ಮುಂದಿನ ಸಲ ಕೊಟ್ಟ ಪೊಟ್ಟಣದ ದಾರ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಮುದುಕರು ಕಟ್ಟುವ ರೀತಿ ಬದಲಾಯಿಸಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು ಮರೆತುಬಿಟ್ಟೆ.

ಅಷ್ಟರಲ್ಲಿ ಶಾಲೆಯಲ್ಲಿ ನನ್ನ ಸ್ಥಿತಿ ಕೆಡುತ್ತ ಬಂದಿತ್ತು. ಬೋರ್ಡಿನ ಮೇಲೆ ಕೈಯೆತ್ತಿ ಒಂದು ಹೂಜಿ ಬಿಡಿಸಲು ಮೂರು ಸಲ ಕೂರುತ್ತಿದ್ದೆ. ಹೆಡ್‌ಮಿಸ್ ಕರೆದು, "ಬೋರ್ಡ್ ಮೇಲೆ ಬರೀದೆ ಡ್ರಾಯಿಂಗ್ ಹೆಂಗ್ ಹೇಳ್ಕೊಡ್ತೀರಿ? ದಸರಾ ರಜಾದೊಳಗೆ ಒಂದು ನಿರ್ಧಾರಕ್ಕೆ ಬನ್ನಿ" ಎಂದರು. ಇಪ್ಪತ್ತು ವರ್ಷದ ಕೆಲಸ. ಬೇರೆ ಯಾವ ವಿದ್ಯೆಯೂ ನನಗೆ ಬರುವುದಿಲ್ಲ, ಬರಲಿ ಎಂಬ ಆಸೆಯೂ ಇರಲಿಲ್ಲ.

ಆ ಮಾತಾಗಿ ನಾಲ್ಕು ದಿನಕ್ಕೆ ನಾನು ಬೆಳಿಗ್ಗೆಯ ಬಸ್ಸಿನಲ್ಲಿ ನಿದ್ದೆಹೋದೆ. ಬೀರೂರು ಹೋಯಿತು, ಕಡೂರು ಹೋಯಿತು, ಕಂಡಕ್ಟರು ತಟ್ಟಿ ಎಬ್ಬಿಸಿದಾಗ ಅರಸೀಕೆರೆ ಬಸ್‌ಸ್ಟ್ಯಾಂಡು. ಅಂದು ಶಾಲೆಗೆ ಹೋಗಲೇ ಇಲ್ಲ. ಮನೆಗೆ ಬಂದು ರಾಜೀನಾಮೆ ಬರೆದು ಕವರಿಗೆ ಹಾಕಿದೆ.

ಮರುದಿನ ಅದನ್ನು ಕೊಡುವುದಕ್ಕೆ ಮೊದಲು ಅಂಗಡಿಗೆ ಹೋದೆ, ಅಶ್ವಗಂಧ ಮುಗಿದಿತ್ತು. ನಗುನಗುತ್ತ ನನ್ನ ಮೈನೋವು, ಬಸ್ಸಿನ ಕಥೆ ಎರಡನ್ನೂ ಹೇಳಿದೆ. ಅವರು ನಗಲಿಲ್ಲ.

"ರಾತ್ರಿಗೆ ಡಾಕ್ಟ್ರು ಏನಾದ್ರೂ ಮಾತ್ರೆ ಕೊಟ್ಟವ್ರಾ?"

"ಹೌದು."

"ಇದನ್ನೂ ತಗೋತಿದೀರಿ ಅಂತ ಅವರಿಗೆ ಗೊತ್ತಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಗಲ್ಲಾದ ಮೇಲೆ ಪೇಪರು ಹಾಸಿ, "ಚೀಲ ಸುರೀರಿ ಟೀಚರಮ್ಮ" ಎಂದರು. ಏಕೆ ಕೇಳಿದೆನೋ ಅವರ ಮಾತು... ಸುರಿದೆ. ಲೇಹ್ಯ, ಕ್ಯಾಪ್ಸೂಲು, ಗುಳಿಗೆ, ಹೆಸರಿಲ್ಲದ ಡಬ್ಬಿ ಎಲ್ಲ ಸಾಲಾಗಿ ಕೂತವು. ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದೊಂದನ್ನೂ ಬರೆದರು. ಕೊನೆಗೆ ಕವರು ಉಳಿಯಿತು. ಮೇಲೆ ಶಾಲೆಯ ವಿಳಾಸ.

"ಇದೇನಿದು?"

"ರಾಜೀನಾಮೆ. ಇದೇ ಕೊನೇ ಔಷಧಿ ನನಗೆ" ಎಂದೆ.

ಅವರು ಕವರನ್ನು ಉಳಿದವುಗಳ ಸಾಲಿನಲ್ಲಿ ಇಟ್ಟರು. ಆಮೇಲೆ ಪಟ್ಟಿಯ ಕೊನೆಯಲ್ಲಿ 'ರಾಜೀನಾಮೆ' ಎಂದೂ ಬರೆದರು. "ಇದನ್ನೂ ಡಾಕ್ಟ್ರನ್ನ ಕೇಳ್ಬಿಟ್ಟೇ ತಗೊಳ್ಳಿ. ಈ ಚೀಟಿ ತೋರಿಸ್ಬಿಟ್ಟು ಬರೋವರ್ಗೂ ನನ್ನಂಗ್ಡೀಲಿ ನಿಮಗೆ ಒಂದು ಗ್ರಾಮೂ ಇಲ್ಲ ಕಣಮ್ಮ."

ನನಗೆ ಸಿಟ್ಟು ಬಂತು. ಅಂಗಡಿ ಇಟ್ಟುಕೊಂಡು ಸಾಮಾನು ಕೊಡುವುದಿಲ್ಲವೆಂದರೆ ಏನರ್ಥ, ಕಡೂರಿನಲ್ಲಿ ಬೇರೆ ಅಂಗಡಿ ಇಲ್ಲವೇ ಎಂದೆಲ್ಲ ಅಂದೆ. ಅವರು ನನ್ನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತ, ತಲೆಯೆತ್ತದೆ, "ನಮ್ಮನೇಲೂ ಒಬ್ಬರು ಹಿಂಗೇ ಮೈಯೆಲ್ಲಾ ನೋವು ಅಂತಿದ್ರು. ನಾನು ನಂಬ್ಲಿಲ್ಲ" ಎಂದರು. ಯಾರೆಂದು ನಾನು ಕೇಳಲಿಲ್ಲ. ತಾಯಿಯೋ, ಹೆಂಡತಿಯೋ... ಇವತ್ತಿಗೂ ಗೊತ್ತಿಲ್ಲ. ಅಂದು ಆ ಕವರು ಚೀಲದಲ್ಲೇ ಉಳಿಯಿತು.

ಶನಿವಾರ ಶಿವಮೊಗ್ಗಕ್ಕೆ ಹೋದೆ. ಡಾಕ್ಟರು ಚೀಟಿ ಓದಿ ಮೊದಲು ಚೆನ್ನಾಗಿ ಬೈದರು. ರಾತ್ರಿಯ ಮಾತ್ರೆಯೂ ನಿದ್ದೆ ತರುತ್ತದೆ, ಅಶ್ವಗಂಧವೂ ನಿದ್ದೆ ತರಬಹುದು, ಎರಡೂ ಸೇರಿ ನಿಮ್ಮನ್ನು ಅರಸೀಕೆರೆ ಮುಟ್ಟಿಸಿರಬೇಕು ಎಂದರು. ಅಶ್ವಗಂಧದ ಮುಂದೆ ಕೆಂಪು ಪೆನ್ನಿನಲ್ಲಿ ನಿಲ್ಲಿಸಿ ಎಂದು ಬರೆದರು. ಒಳಗೇನಿದೆಯೋ ಗೊತ್ತಿಲ್ಲದ ಡಬ್ಬಿಯನ್ನು ಎಸೆಯಲು ಹೇಳಿದರು. ಲೇಹ್ಯ, ಕ್ಯಾಪ್ಸೂಲುಗಳನ್ನು ಸದ್ಯಕ್ಕೆ ಬದಿಗಿಡಿ, ಬೇಕಾದರೆ ಮುಂದೆ ಕೇಳಿ ಒಂದೊಂದಾಗಿ ನೋಡಿ ಎಂದರು. ಡಿ ವಿಟಮಿನ್ ಪರೀಕ್ಷೆ ಬರೆದುಕೊಟ್ಟರು, ಅದು ನಿಜಕ್ಕೂ ಕಡಿಮೆ ಇತ್ತು. ಕೊನೆಯ ಸಾಲಿಗೆ ಬಂದಾಗ ಅವರ ಪೆನ್ನು ನಿಂತಿತು.

"ಇದನ್ನ ಬರೆದವರು ಯಾರು?"

"ಗ್ರಂಥಿಗೆ ಅಂಗಡಿಯವರು."

ಅವರು ನಕ್ಕು, ರಾಜೀನಾಮೆಯ ಮುಂದೆಯೂ ಅದೇ ಕೆಂಪು ಅಕ್ಷರದಲ್ಲಿ ನಿಲ್ಲಿಸಿ ಎಂದು ಬರೆದರು. ಜೊತೆಗೆ ಶಾಲೆಗೆ ಒಂದು ಪತ್ರ ಕೊಟ್ಟರು, ಈ ಶಿಕ್ಷಕಿ ಹೆಚ್ಚು ಹೊತ್ತು ಭುಜದ ಮೇಲೆ ಕೈ ಎತ್ತುವಂತಿಲ್ಲ ಎಂದು. ಹೆಡ್‌ಮಿಸ್ ಅದನ್ನು ಎರಡು ಸಲ ಓದಿ, "ಹಾಗಾದ್ರೆ ಮೇಜಿನ ಮೇಲೆ ದೊಡ್ಡ ಹಾಳೇಲಿ ಬಿಡಿಸಿ, ಮಕ್ಕಳು ಸುತ್ತ ನಿಂತ್ಕೊಂಡು ನೋಡ್ಲಿ" ಎಂದರು. ಅಷ್ಟು ಸುಲಭದ ದಾರಿ ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಯಜಮಾನರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಅಂದಿನಿಂದ ಅವರದೊಂದು ಕಟ್ಟಳೆ. ಒಂದು ತಿಂಗಳಿಗೆ ಒಂದೇ ಸಾಮಾನು, ಅದೂ ಡಾಕ್ಟರು ಆಗಲಿ ಎಂದಿದ್ದರೆ ಮಾತ್ರ. ಏನಾಯಿತು ಎಂದು ನಾನು ಬಂದು ಹೇಳಿದ ಮೇಲೆ ಇನ್ನೊಂದು. ತಮ್ಮ ಸಾಮಾನನ್ನು ತಾವೇ ಹೊಗಳದ ಅಂಗಡಿಯವರನ್ನು ನಾನು ಬೇರೆಲ್ಲೂ ನೋಡಿಲ್ಲ. ಶುಂಠಿ ಪುಡಿಯಿಂದ ನೋವು ಕಡಿಮೆಯಾಗಲಿಲ್ಲ ಎಂದೆ. "ಆಗದೇ ಇರ್ಬೋದು. ಬಿಸಿನೀರು ಕುಡಿದಂಗಾಯ್ತು ಬಿಡಿ" ಎಂದರು. ಅರಿಶಿನ ಹಾಕಿದ ಹಾಲಿನಿಂದ ಸ್ವಲ್ಪ ಹಾಯೆನಿಸಿತು, ಅದು ಅರಿಶಿನವೋ ಹಾಲೋ ಹೇಳಲಾರೆ. ಮೆಗ್ನೀಷಿಯಂ ಹೊಟ್ಟೆ ಕೆಡಿಸಿತು, ಬಿಟ್ಟೆ. ಡಿ ವಿಟಮಿನ್ ಏರಿದ ಮೇಲೆ ಮೈ ತುಸು ಹಗುರಾಯಿತು. ದಿನಾ ಬಸ್‌ಸ್ಟ್ಯಾಂಡಿನಿಂದ ಆತುರಪಡದೆ ನಡೆದದ್ದು ಒಳ್ಳೆಯದು ಮಾಡಿತು. ಎಲ್ಲಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ಒಬ್ಬರು "ಇವತ್ತು ಹೆಂಗೈತೆ?" ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಿದ್ದರು. ಶುಂಠಿ ಟೀ ಮಾತ್ರ ರೂಢಿಯಾಯಿತು. ಕುಟ್ಟಲು ನನ್ನ ಕೈಯಲ್ಲಾಗದೆಂದು ಅವರೇ ಪುಡಿ ಮಾಡಿ ಇಟ್ಟಿರುತ್ತಿದ್ದರು.

ಹೀಗೆ ಎರಡು ವರ್ಷ ಕಳೆಯಿತು. ಬೇಸಿಗೆ ರಜೆಗೆ ಮುಂಚೆ ತಂದ ಶುಂಠಿ ಪುಡಿಯ ಪೊಟ್ಟಣ ಬಟ್ಟೆಚೀಲದಲ್ಲೇ ಮರೆತುಹೋಗಿತ್ತು. ಜೂನಿನಲ್ಲಿ ಹೋದರೆ ಬಾಗಿಲು ಹಾಕಿತ್ತು. ಪಕ್ಕದ ಹೂವಿನವಳು, "ಯಜಮಾನ್ರು ಹೋಗ್ಬಿಟ್ರು ಕಣಮ್ಮ, ಒಂದು ತಿಂಗಳಾಯ್ತು" ಎಂದಳು. ನಾನು ಶಾಲೆಗೆ ನಡೆದೆ.

ಸ್ಟಾಫ್ ರೂಮಿನಲ್ಲಿ ಸುದ್ದಿ ಹೇಳಿದಾಗ ಹಿಂದಿ ಮೇಡಂ ನಿಟ್ಟುಸಿರಿಟ್ಟರು. ಅವರ ಮನೆಗೆ ಮೂವತ್ತು ವರ್ಷದಿಂದ ಅದೇ ಅಂಗಡಿಯ ಸಾಮಾನು. "ಪಾಪ, ಒಳ್ಳೆ ಮನುಷ್ಯ. ಆದ್ರೆ ಅವರ ಗಂಟು ಮಾತ್ರ ದೇವರಿಗೇ ಪ್ರೀತಿ ಕಣ್ರೀ. ಮೊನ್ನೆ ಯುಗಾದಿಗೆ ತಂದ ಪೊಟ್ಟಣಾನೂ ಕತ್ತರಿ ಇಲ್ದೆ ಬಿಚ್ಚೋಕಾಗ್ಲಿಲ್ಲ" ಎಂದರು.

ನನ್ನ ಪೊಟ್ಟಣಗಳು ಹಾಗಿರಲಿಲ್ಲ, ಒಂದೇ ಎಳೆತಕ್ಕೆ ಬಿಚ್ಚುತ್ತಿದ್ದವು. ಯಜಮಾನರು ಬೇರೆಯವರಿಗೆ ಕಟ್ಟುವ ರೀತಿಯನ್ನು ಬದಲಾಯಿಸಿರಲೇ ಇಲ್ಲ. ಹಲ್ಲಿನಲ್ಲಿ ದಾರ ಕಚ್ಚಿದ ಆ ಮೊದಲ ದಿನವೇ, ಕಾಯಿಲೆಯ ಸುದ್ದಿಯನ್ನು ನಾನು ಬಾಯಿಬಿಟ್ಟು ಹೇಳುವುದಕ್ಕೂ ಮುಂಚೆಯೇ, ಅವರು ನಂಬಿದ್ದರು. ಅದನ್ನು ಒಂದು ದಿನವೂ ಹೇಳಿಕೊಳ್ಳಲಿಲ್ಲ, ನಾನೂ ಒಂದು ದಿನ ಕೇಳಲಿಲ್ಲ, ಥ್ಯಾಂಕ್ಸ್ ಎನ್ನಲಿಲ್ಲ. ಆ ಋಣ ಹಾಗೇ ಉಳಿಯಿತು.

ಈಗಲೂ ನಾನು ಅದೇ ಶಾಲೆಯಲ್ಲಿದ್ದೇನೆ. ಈಗಲೂ ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತದೆ, ನೋವು ಪೂರ್ತಿ ಹೋಗಿಲ್ಲ. ಕಳೆದ ವಾರವೂ ಮಂಚದ ಮೇಲೆ ಕೂತಾಗ ಎರಡು ಬೆರಳು ಮಡಚುತ್ತಿರಲಿಲ್ಲ. ಆದರೂ ದಾರದ ತುದಿ ಹಿಡಿದು ಎಳೆದೆ. ಬಿಚ್ಚಿಕೊಂಡಿತು. ಪುಡಿಗೆ ಹುಳು ಬಿದ್ದಿತ್ತು, ಹೊರಗೆ ಚೆಲ್ಲಿ ಬಂದೆ. ದಾರವನ್ನು ಮಾತ್ರ ಎಸೆಯಲಿಲ್ಲ. ಕೆಂಪು ಅಕ್ಷರದ ಆ ಚೀಟಿಯ ಜೊತೆಗೆ ಇಟ್ಟಿದ್ದೇನೆ.