ರಟ್ಟಿನ ಮೇಲಿಲ್ಲದ ಹುಡುಗಿ

ನನ್ನ ಮೊಮ್ಮಗಳು ಸುಳ್ಳು ಹೇಳಿರಲಿಲ್ಲ. ಅಂದೂ ಇದನ್ನೇ ಹೇಳಿದೆ, ಇವತ್ತೂ ಇದನ್ನೇ ಬರೆಯುತ್ತೇನೆ. ಅಕ್ಷರ ಸೊಟ್ಟ ಬಂದರೆ ಬರಲಿ. ನಾನು ಕಲಿತದ್ದು ಎರಡನೆಯ ಕ್ಲಾಸಿನ ತನಕ. ಆಮೇಲೆ ತಲೆಯ ಮೇಲೆ ಬುಟ್ಟಿ ಬಂತು, ಕಲಿತ ಅಕ್ಷರವೂ ಮರೆತುಹೋಯಿತು. ಕಮಲಾಪುರದ ಕೆಂಪು ಬಾಳೆಹಣ್ಣು ಹೊತ್ತು, ಮುಂಜಾನೆಯ ಬಸ್ಸು ಹಿಡಿದು ಕಲಬುರಗಿಯಲ್ಲಿ ಮಾರುವುದು ನನ್ನ ಕೆಲಸ. ಮಾರಿದ ಮೇಲೆ ಒಮ್ಮೊಮ್ಮೆ ಸೇಡಂ ರಸ್ತೆಯ ಮಗಳ ಮನೆಯಲ್ಲಿ ಉಳಿಯುತ್ತಿದ್ದೆ.

ತೊಂಬತ್ತರ ದಶಕದ ಮಾತಿದು. ಐದನೆಯ ಕ್ಲಾಸಿನ ಮೊಮ್ಮಗಳು ಒಂದು ಸಂಜೆ ಶಾಲೆಯ ಕಪಾಟಿನಿಂದ ತಂದ ಕಥೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ರಟ್ಟಿನ ಮೇಲೆ ಹಾಲಿನಂಥ ಮೈಯ ರಾಜಕುಮಾರ, ಬಿಳಿ ಕುದುರೆ, ಎದುರಿಗೆ ಬೆಂಕಿ ಉಗುಳುವ ರೆಕ್ಕೆಯ ಹಾವು.

"ರಾಜಕುಮಾರ ಹಾವು ಕೊಂದನೇನವ್ವಾ?" ಅಂದೆ.

"ಆಯಿ, ಇದರಾಗ ರಾಜಕುಮಾರನ ಇಲ್ಲ. ಹಾವೂ ಇಲ್ಲ. ಕುರಿ ಕಾಯೋ ಹುಡುಗಿ ಅದಾಳ, ನನ್ನಂಗ ಕರ್ರಗ. ಊರ ಮಂದಿ ನೆರಳೆಲ್ಲ ಯಾರೋ ಕದ್ದಾರ. ಈಕಿ ಒಕ್ಕಣ್ಣಿನ ಎಮ್ಮಿ ಮ್ಯಾಲ ಕುಂತು ಬಾವಿಯೊಳಗ ಇಳದು, ನೆರಳು ತರ್ಲಾಕ ಹೋಗ್ತಾಳ."

"ಹೋಗ ಹುಚ್ಚಿ! ಚಿತ್ರ ಬರದವರು ಕುಡ್ಡರೇನು?" ಅಂತ ನಕ್ಕೆ.

ಆ ನಗು ನನ್ನ ತಪ್ಪು. ಓದಲು ಬಾರದವಳಿಗೆ ಚಿತ್ರವೇ ಪುಸ್ತಕ. ಅದನ್ನೇ ನಂಬಿದೆ.

ಮುಂದಿನ ವಾರ ಬುಟ್ಟಿ ಹೊತ್ತು ಬಸ್ಸಿಳಿದು, ಮಾರುವ ಮೊದಲೇ ಮಗಳ ಮನೆಗೆ ಹೋದೆ. ಮೊಮ್ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಳು, ಶಾಲೆಗೆ ಹೋಗಲೊಲ್ಲೆ ಅಂತ. ಆದದ್ದನ್ನು ಮಗಳು ಹೇಳಿದಳು. ಓದಿದ ಕಥೆಯನ್ನು ಕ್ಲಾಸಿನಲ್ಲಿ ನಿಂತು ಹೇಳಬೇಕಿತ್ತು. ಇವಳು ಹೇಳಿದಳು. ಮಾಸ್ತರು ಪುಸ್ತಕದ ರಟ್ಟು ಎತ್ತಿ ಎಲ್ಲರಿಗೂ ತೋರಿಸಿ, "ರಾಜಕುಮಾರ ಎಲ್ಲಿ ಹೋದ? ಓದದೇ ಸುಳ್ಳು ಹೇಳ್ತಿ" ಅಂದು ಪುಸ್ತಕ ಕಸಿದುಕೊಂಡರಂತೆ. ಇನ್ನು ಈ ವರ್ಷ ನಿನಗೆ ಕಪಾಟಿನ ಪುಸ್ತಕ ಇಲ್ಲ ಅಂದರಂತೆ. ಇಡೀ ಕ್ಲಾಸು ನಕ್ಕಿತಂತೆ.

"ನೀನೂ ನಕ್ಕಿದ್ದಿ, ಆಯಿ," ಅಂದಳು ಹುಡುಗಿ, ಗೋಡೆಯ ಕಡೆಗೇ ನೋಡುತ್ತ.

ನಾನು ಬುಟ್ಟಿ ಮತ್ತೆ ತಲೆಗೇರಿಸಿದೆ. ಅವಳ ಕೈ ಹಿಡಿದು ಎಬ್ಬಿಸಿದೆ.

"ಎವ್ವಾ, ಮಾಸ್ತರ್ ಸಂಗಟ ಜಗಳ ತೆಗೀಬ್ಯಾಡ," ಅಂದಳು ಮಗಳು.

"ಜಗಳ ಅಲ್ಲ, ವ್ಯಾಪಾರ," ಅಂದೆ.

ಕ್ಲಾಸಿನ ಬಾಗಿಲಲ್ಲಿ ಬುಟ್ಟಿ ಇಳಿಸಿದೆ. "ಸರ್ರೀ, ನಾ ಈಕಿ ಆಯಿ. ಆ ಪುಸ್ತಕ ತರ್ರಿ."

ಮಾಸ್ತರು ನನ್ನನ್ನೂ ಬುಟ್ಟಿಯನ್ನೂ ನೋಡಿದರು. "ನಿಮಗೆ ಓದಲಿಕ್ಕೆ ಬರ್ತದೇನಮ್ಮ?"

"ಇಲ್ರೀ. ನಿಮಗ ಬರ್ತದಲ್ಲ?"

ಹುಡುಗರು ಕಿಸಕ್ಕನೆ ನಕ್ಕರು. ಈ ಸಲ ನಕ್ಕದ್ದು ನನ್ನ ಮೊಮ್ಮಗಳನ್ನು ನೋಡಿ ಅಲ್ಲ.

ಬಜಾರಿನಲ್ಲಿ ಹೊಸಬರು ನನ್ನ ಹಣ್ಣಿನ ಕೆಂಪು ನೋಡಿ, ಬಣ್ಣ ಹಚ್ಚೀಯೇನು, ಒಳಗ ಹೆಂಗದ ಅಂತ ಅನುಮಾನ ಮಾಡುತ್ತಾರೆ. ನಾನು ವಾದ ಮಾಡುವುದಿಲ್ಲ. ಒಂದು ಸುಲಿದು ಅಂಗೈ ಮೇಲೆ ಇಡುತ್ತೇನೆ. ಅಲ್ಲೂ ಹಾಗೇ ಮಾಡಿದೆ. ಸುಲಿದ ಹಣ್ಣನ್ನು ಮೇಜಿನ ಮೇಲಿಟ್ಟೆ.

"ಸಿಪ್ಪಿ ಕೆಂಪದ, ಒಳಗ ಬೆಣ್ಣಿ ಬಣ್ಣ. ಸಿಪ್ಪಿ ನೋಡಿ ನೀವು ಒಳಗಿಂದು ಹೇಳಿದ್ರೆ ಹೆಂಗ್ರೀ? ಪುಸ್ತಕಾನೂ ಸುಲೀರಿ. ರಾಜಕುಮಾರ ಸಿಕ್ರ ಬುಟ್ಟಿ ಇಲ್ಲೇ ಬಿಟ್ಟು ಹೋಗ್ತೀನಿ."

ಮಾಸ್ತರು ಪುಸ್ತಕ ತೆಗೆದರು. ಒಂದು ಹಾಳೆ, ಮತ್ತೊಂದು. ನಡುವೆ ನೋಡಿದರು, ಕೊನೆಯ ಹಾಳೆಯನ್ನೂ ನೋಡಿದರು.

"ಎಮ್ಮೆ ಇದೆ," ಅಂದರು ಮೆಲ್ಲಗೆ.

ಆಮೇಲೆ, "ನಾನೂ ಇದನ್ನ ಓದಿರಲಿಲ್ಲಮ್ಮ, ತಪ್ಪಾಯ್ತು," ಅಂದರು.

"ನನಗ ಯಾಕ್ರೀ? ಆಕಿಗಿ ಹೇಳ್ರಿ."

ಹೇಳಿದರು, ಎಲ್ಲರ ಮುಂದೆ. ಪುಸ್ತಕ ಅವಳ ಕೈಗೆ ಕೊಟ್ಟು ಓದಲು ಹೇಳಿದರು. ಕಥೆಯ ಹುಡುಗಿ ಚೀಲದ ತುಂಬ ನೆರಳು ತಂದು ಮನೆಮನೆಗೆ ಹಂಚುವ ಹಾಳೆಯನ್ನು ಓದಿದಳು ನನ್ನ ಬಂಗಾರಿ. ದನಿ ಮೊದಲು ನಡುಗಿತು, ಆಮೇಲೆ ಹೊರಗಿನ ಗೇಟಿನ ತನಕ ಕೇಳಿಸಿತು. ನನಗಾದ ಸಂತೋಷಕ್ಕೆ ಬುಟ್ಟಿಯನ್ನೆಲ್ಲ ಹುಡುಗರಿಗೆ ಹಂಚಿಬಿಟ್ಟೆ. ಹಾಳಾದ ವ್ಯಾಪಾರ ಅನ್ನುವವರು ಅನ್ನಲಿ.

ಮನೆಗೆ ಬಂದು ಮೊಮ್ಮಗಳು ಆ ರಟ್ಟಿಗೆ ಖಾಕಿ ಕಾಗದ ಸುತ್ತಿ, ಮೇಲೆ ಕರ್ರಗಿನ ಹುಡುಗಿಯನ್ನು ಬರೆದಳು. ಎಮ್ಮೆ ನಾಯಿಯಂತೆ ಬಂತು. ಆದರೂ ಆ ರಾಜಕುಮಾರನಿಗಿಂತ ಅದೇ ಖರೆ.

ಇನ್ನು ನನ್ನ ಲೆಕ್ಕ ಉಳಿದಿತ್ತು. "ನಕ್ಕಿದ್ದಕ್ಕ ದಂಡ ಅದ, ಆಯಿ. ಇದನ್ನ ಪೂರಾ ಓದಬೇಕು," ಅಂದಳು. ಬೆರಳಿಟ್ಟು ಓದಿದೆ, ಕೂಡಿಸಿ ಕೂಡಿಸಿ ಓದಿದೆ. ಕಥೆಯ ಹುಡುಗಿ ಬಾವಿಗೆ ಇಳಿಯುವಷ್ಟರಲ್ಲಿ ಎರಡು ತಿಂಗಳು ಹೋದವು. ಮಾಸ್ತರು ಬೇಸರಿಸದೆ ಅದೇ ಪುಸ್ತಕ ಮತ್ತೆ ಮತ್ತೆ ಕಳಿಸಿದರು.

ರಾಜಕುಮಾರ ಇಲ್ಲ. ಕೊನೆಯ ಹಾಳೆಯ ತನಕ ನಾನೇ ಓದಿ ನೋಡಿದ್ದೇನೆ.