ಸದ್ದು ಅಡಗಿಸುವ ಗರಗರ ಅಕ್ಕ

ಹೊಸ ಡಿಶ್‌ವಾಷರ್ ಕೊಳ್ಳಬೇಕೆಂದರೆ ಬಸ್ ಚಾಲಕನೊಬ್ಬನ ಎರಡು ತಿಂಗಳ ಸಂಬಳ ಬೇಕು. ಅದರ ಪಂಪ್ ಒಂದನ್ನೇ ಬದಲಿಸಿದರೂ ಒಂದು ವಾರದ ದುಡಿಮೆ ಹೋಗುತ್ತದೆ. ಒಳಗಿನ ರಬ್ಬರ್ ಬಳೆಗೆ ಎರಡು ಕಪ್ ಚಹಾದ ಬೆಲೆ. ಯಂತ್ರದ ಪಕ್ಕ ನೆಲದ ಮೇಲೆ ಕೂತು ಸುಮ್ಮನೆ ಕಿವಿಗೊಡುವುದಕ್ಕೆ ಮಾತ್ರ ಖರ್ಚಿಲ್ಲ. ಊರಿನವರು ‘ಗರಗರ ಅಕ್ಕ’ ಎಂದು ಕರೆಯುವ ರಿಪೇರಿಗಾರ್ತಿ ತಮ್ಮ ಕೆಲಸ ಶುರು ಮಾಡುವುದೇ ಈ ಕೊನೆಯದರಿಂದ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಡಿಗೆ ಮನೆಯೊಂದರ ಮೊದಲ ಮಹಡಿಯ ಅಡುಗೆಮನೆಯಲ್ಲಿ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಐವತ್ತು ದಾಟಿದ ವಯಸ್ಸು, ಪಕ್ಕದಲ್ಲಿ ಸಾಮಾನಿನ ಚೀಲ, ಕೈಯಲ್ಲೊಂದು ಮರದ ಸೌಟು. ಸೌಟಿನ ಒಂದು ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಬುಡಕ್ಕೆ ಆನಿಸಿದ್ದಾರೆ. ಅಲ್ಲಿ ಬಾಡಿಗೆಗಿರುವವರು ಬಸ್ ಚಾಲಕರು. ಸಮವಸ್ತ್ರ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಾರೆ. ಅವರ ಹೆಂಡತಿ ಪಕ್ಕದಲ್ಲೇ ಕಾಯುತ್ತಿದ್ದಾರೆ.

ಕಾಯುವುದಕ್ಕೆ ಕಾರಣವಿದೆ. ಆಕೆಯ ಎರಡೂ ಮಣಿಕಟ್ಟುಗಳು ಬಾತುಕೊಂಡಿವೆ. ಒದ್ದೆ ತಟ್ಟೆ ಹಿಡಿದರೆ ಜಾರಿ ಬೀಳುತ್ತದೆ. ಪಾತ್ರೆ ತೊಳೆಯಲು ಈ ಯಂತ್ರವನ್ನು ಬಿಟ್ಟರೆ ಗತಿಯಿಲ್ಲ. ಆದರೆ ಇದರ ಸದ್ದು ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ. ಅಲ್ಲಿರುವ ನರ್ಸ್ ರಾತ್ರಿಪಾಳಿ ಮುಗಿಸಿ ಬಂದು ಮಲಗುವುದೇ ಬೆಳಿಗ್ಗೆ. ಅವರು ಎರಡು ಸಲ ಬಾಗಿಲು ತಟ್ಟಿ ಹೇಳಿದರು, ಮೂರನೆಯ ಸಲ ಮನೆ ಮಾಲೀಕರಿಗೆ ಹೇಳಿದರು. ಇವತ್ತು ಸದ್ದು ನಿಲ್ಲದಿದ್ದರೆ ಸಂಜೆ ಗುಜರಿಯವನು ಬಂದು ಯಂತ್ರವನ್ನು ಎತ್ತಿಕೊಂಡು ಹೋಗುತ್ತಾನೆ. ಚಾಲಕರು ಆಗಲೇ ಅವನಿಗೆ ಹೇಳಿಟ್ಟಿದ್ದಾರೆ.

ಆದರೆ ಯಂತ್ರ ಈಗ ಬೆಕ್ಕಿನಂತೆ ಸದ್ದಿಲ್ಲದೆ ಓಡುತ್ತಿದೆ.

“ಅಮ್ಮಾ, ನಾನು ಬರ್ತೀನಿ ಅಂತ ಪಾತ್ರೆ ಎಲ್ಲಾ ತೆಗೆದು, ಒಳಗೆ ಒರೆಸಿ ಇಟ್ಟಿದ್ದೀರಾ?” ಅಕ್ಕ ಕೇಳುತ್ತಾರೆ.

“ಮತ್ತೆ? ಎಂಜಲು ತಟ್ಟೆ ನಿಮಗೆ ತೋರಿಸೋದಾ?”

“ಡಾಕ್ಟರ ಹತ್ರ ಹೋಗುವಾಗ ಜ್ವರಾನ ಮನೇಲಿ ಬಿಟ್ಟು ಹೋಗ್ತೀರಾ ನೀವು?”

ಚಾಲಕರು ನಗುತ್ತಾರೆ. ಅಕ್ಕ ಹೋದ ಮನೆಗಳಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ರಿಪೇರಿಗೆ ಬರುವವರ ಮುಂದೆ ಮರ್ಯಾದೆ ಹೋಗಬಾರದೆಂದು ಯಂತ್ರವನ್ನು ಫಳಫಳ ಮಾಡಿಡುತ್ತಾರೆ. ಕಾಯಿಲೆಯ ಗುರುತೂ ಕೊಳೆಯ ಜೊತೆಗೇ ಹೋಗಿರುತ್ತದೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಅಕ್ಕನೂ ಇದಕ್ಕೆ ಮೋಸಹೋಗಿ, ಚೆನ್ನಾಗಿದ್ದ ಪಂಪ್ ಬಿಚ್ಚಿ ಹೊಸದು ಹಾಕಿ ಬಂದದ್ದುಂಟು. ಮರುದಿನ ಅದೇ ಮನೆಯಿಂದ ಅದೇ ದೂರು. ಈಗ ಅವರದು ಒಂದೇ ಹಟ: ನಿನ್ನೆ ಹೇಗೆ ತುಂಬಿದ್ದಿರೋ ಹಾಗೆಯೇ ತುಂಬಿ.

ಹೆಂಡತಿ ನಾಚಿಕೊಂಡೇ ಪಾತ್ರೆಗಳನ್ನು ಮತ್ತೆ ಜೋಡಿಸುತ್ತಾರೆ. ಯಂತ್ರ ಓಡುತ್ತದೆ. ಟಕ್, ಟಕ್, ಟಕ್.

“ಬಂದ ನೋಡಿ ಕಳ್ಳ,” ಎನ್ನುತ್ತಾರೆ ಅಕ್ಕ. ಬಾಗಿಲು ತೆಗೆದು ನೋಡಿದರೆ ಉದ್ದ ಹಿಡಿಯ ಚಮಚವೊಂದು ಬುಟ್ಟಿಯ ಸಂದಿನಿಂದ ಕೆಳಗೆ ಇಳಿದಿದೆ. ನೀರು ಚಿಮ್ಮುತ್ತಾ ತಿರುಗುವ ರೆಕ್ಕೆ ಪ್ರತಿ ಸುತ್ತಿಗೂ ಅದಕ್ಕೆ ಬಡಿಯುತ್ತಿದೆ. ಚಮಚವನ್ನು ಅಡ್ಡ ಮಲಗಿಸಿದರೆ ಸದ್ದು ನಿಲ್ಲುತ್ತದೆ. ಚಾಲಕರು ಟೋಪಿ ಕೈಗೆತ್ತಿಕೊಳ್ಳುತ್ತಾರೆ.

“ಕೂತ್ಕೊಳ್ಳಿ ಅಣ್ಣ. ಇವನು ಚಿಲ್ಲರೆ ಕಳ್ಳ. ಇದಕ್ಕೆಲ್ಲ ಕೆಳಗಿನವರ ನಿದ್ದೆ ಹೋಗಲ್ಲ. ಅವರಿಗೆ ಕೇಳ್ಸಿದ್ದು ಎಂಥ ಸದ್ದು, ಬಾಯಲ್ಲಿ ಮಾಡಿ ತೋರಿಸಿ.”

ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅಡುಗೆಮನೆಯಲ್ಲಿ ನಿಂತು, ಹೆಂಡತಿಯ ಕಡೆ ಒಮ್ಮೆ ನೋಡಿ, “ಗರ್ರ್... ಗರಗರಗರ” ಎನ್ನುತ್ತಾರೆ.

“ಶುರುವಲ್ಲಾ, ಕೊನೇಲಾ?”

“ನೀರು ಹೊರಗೆ ಹಾಕುವಾಗ.”

ಬಾಯಲ್ಲಿ ಸದ್ದು ಮಾಡಿಸುವುದು ಅಕ್ಕನ ಪದ್ಧತಿ; ಅಡ್ಡಹೆಸರು ಬಂದದ್ದೂ ಅದರಿಂದಲೇ. ಫೋನಿನಲ್ಲೂ ಹೀಗೇ ಕೇಳುತ್ತಾರೆ. ಕಿರ್ ಎಂದರೆ ರಬ್ಬರ್ ಒಣಗಿದೆ, ಗುಂಯ್ ಎಂದರೆ ನೀರು ಸಾಲುತ್ತಿಲ್ಲ, ಹೀಗೆ ಒಂದು ಅಂದಾಜು ಹಾಕಿಕೊಂಡೇ ಹೊರಡುತ್ತಾರೆ. ದಿನಕ್ಕೆ ನಾಲ್ಕೈದು ಮನೆ, ಎಲ್ಲಕ್ಕೂ ಬಸ್ಸಿನಲ್ಲೇ ಓಡಾಟ.

ಮೊದಲು ಅವರು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಗಳು ಚಿಕ್ಕವಳು. ಬಿಸಿನೀರು, ಸೋಪು ತಿಂದು ಬೆರಳ ಸಂದುಗಳೆಲ್ಲ ಬಿರುಕು. ಒಂದು ದಿನ ಕ್ಯಾಂಟೀನಿಗೆ ದೊಡ್ಡ ಯಂತ್ರ ಬಂತು, ಇವರ ಕೆಲಸ ಹೋಯಿತು. ಉಳಿದ ಸಂಬಳ ಕೇಳಲು ಹೋದ ದಿನವೇ ಯಂತ್ರ ಏನೋ ಸದ್ದು ಮಾಡಿ ಕೆಟ್ಟು ನಿಂತಿತು. ರಿಪೇರಿಗೆ ಬಂದ ಮುದುಕ ಮೇಸ್ತ್ರಿ ಎಂಥ ಸದ್ದು ಬಂತೆಂದು ಕೇಳಿದರೆ ಯಾರಿಗೂ ಹೇಳಲು ತಿಳಿಯದು. ಹೊರಗೆ ಕಾಯುತ್ತಾ ಕೇಳಿಸಿಕೊಂಡಿದ್ದ ಇವರು ಬಾಯಲ್ಲಿ ಮಾಡಿ ತೋರಿಸಿದರು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ “ನಾಳೆಯಿಂದ ನನ್ನ ಜೊತೆ ಬಾಮ್ಮ” ಎಂದರು.

“ನನ್ನ ಕೆಲಸ ಕಿತ್ಕೊಂಡ ಮಿಷನ್ನೇ ನಂಗೆ ಅನ್ನ ಹಾಕ್ತು,” ಎನ್ನುತ್ತಾರೆ ಅಕ್ಕ. “ಅದರ ಮೇಲೆ ನಂಗೆ ಸಿಟ್ಟಿಲ್ಲ. ಮೇಸ್ತ್ರಿಗಳು ಇವತ್ತಿಲ್ಲ. ಈ ಸೌಟು ಅವರದೇ. ಬೆಳಿಗ್ಗೆ ಕೈಗೆ ತಗೊಂಡಾಗೆಲ್ಲ ಒಂದ್ಸಲ ನೆನೆಸ್ಕೋತೀನಿ.”

ಮಾತಾಡುತ್ತಲೇ ಕೈ ನಡೆದಿದೆ. ಪ್ಲಗ್ ಕಿತ್ತು, ಕೆಳಗಿನ ಬುಟ್ಟಿ ತೆಗೆದು, ತಳದ ಜಾಲರಿಗೆ ಕೈ ಹಾಕುತ್ತಾರೆ. ತಿರುಗಿಸುವ ಮೊದಲೇ ಅದು ಕೈಗೆ ಬರುತ್ತದೆ.

“ಇದನ್ನ ತೊಳೆದು ವಾಪಸ್ ಹಾಕಿದ್ದು ಯಾರು?”

“ನಾನೇ,” ಚಾಲಕರು ಹೇಳುತ್ತಾರೆ.

“ಕೂರಿಸಿದ್ದೀರಿ, ಬಿಗಿ ಮಾಡಿಲ್ಲ. ಸಂದಿನಲ್ಲಿ ಏನೋ ನುಗ್ಗಿದೆ.”

ತಳದ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆದು, ಪಂಪಿನ ಮುಚ್ಚಳ ಬಿಚ್ಚಿ, ಚಿಮಟದಲ್ಲಿ ಮೆಲ್ಲನೆ ಎಳೆಯುತ್ತಾರೆ. ಬಂದದ್ದು ಉಗುರಿನಷ್ಟು ಗಾಜಿನ ಚೂರು. ನೀಲಿ ಬಣ್ಣ.

ಹೆಂಡತಿ ಬಗ್ಗಿ ನೋಡುತ್ತಾರೆ. “ರೀ, ಇದು ನಮ್ಮಕ್ಕ ಕೊಟ್ಟ ಲೋಟ ಅಲ್ವಾ? ಡಿಪೋಗೆ ತಗೊಂಡು ಹೋಗಿದ್ದೆ, ಯಾರೋ ಹೊಡ್ಕೊಂಡು ಹೋದ್ರು ಅಂದಿದ್ರಿ.”

ಚಾಲಕರು ಕಿಟಕಿಯ ಹೊರಗೆ ನೋಡುತ್ತಾರೆ. “ನಿನ್ನ ಕೈನೋವು ಅಂತ ಅವತ್ತು ನಾನೇ ಪಾತ್ರೆ ಜೋಡಿಸ್ದೆ. ಒಡೀತು. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ...”

“ಅದಕ್ಕೆ ಮಿಷನ್ನನ್ನೇ ಗುಜರಿಗೆ ಹಾಕೋಕೆ ಹೊರಟ್ರಾ?” ಆಕೆ ಕೇಳುತ್ತಾರೆ. ದನಿಯಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚು.

ಅಕ್ಕ ಇದ್ಯಾವುದೂ ಕಿವಿಗೆ ಬೀಳದವರಂತೆ ಜಾಲರಿಯನ್ನು ಬಿಗಿ ಮಾಡಿ, ಎತ್ತರ ತಗ್ಗಾಗಿದ್ದ ಯಂತ್ರದ ಹಿಂಗಾಲನ್ನು ನೆಲಕ್ಕೆ ಸಮ ಮಾಡುತ್ತಾರೆ. ಯಂತ್ರ ಮತ್ತೆ ಓಡುತ್ತದೆ. ನೀರು ಹೊರಗೆ ಹೋಗುವ ಹೊತ್ತು ಬಂದಾಗ ಮೂವರೂ ಕಿವಿಗೊಡುತ್ತಾರೆ. ನೀರು ಹೋಗುವ ಸದ್ದು, ಅಷ್ಟೇ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕೆಳಮನೆಯ ನರ್ಸ್, ಪಾಳಿ ಮುಗಿಸಿ ಆಗತಾನೇ ಬಂದವರು, ಕಣ್ಣೆಲ್ಲ ಕೆಂಪು.

“ಬೇಜಾರು ಮಾಡ್ಕೋಬೇಡಿ,” ಎನ್ನುತ್ತಾರೆ ಅವರು. “ಮಿಷನ್ ಹಾಕೋದಿದ್ರೆ ಈಗಲೇ ಹಾಕಿ ಮುಗಿಸಿಬಿಡಿ. ಆಮೇಲೆ ಮಲಗ್ತೀನಿ.”

ಚಾಲಕರ ಹೆಂಡತಿ ಅವರ ಕೈ ಹಿಡಿದು ಅಡುಗೆಮನೆಗೆ ಕರೆತಂದು, ಯಂತ್ರ ಓಡುತ್ತಿರುವಾಗಷ್ಟೇ ಉರಿಯುವ ಪುಟ್ಟ ದೀಪವನ್ನು ತೋರಿಸುತ್ತಾರೆ.

ಅಕ್ಕ ಚೀಲ ಹೆಗಲಿಗೇರಿಸುತ್ತಾರೆ. ಚಹಾ ಕುಡಿದು ಹೋಗಿ ಎಂದರೆ ಇನ್ನೊಂದು ಮನೆಯಲ್ಲಿ ಕಾಯುತ್ತಿದ್ದಾರೆ ಎನ್ನುತ್ತಾರೆ. ಮೆಟ್ಟಿಲಿಳಿಯುವಾಗ ಅವರ ಆಸೆ ಏನೆಂದು ಕೇಳಿದರೆ, “ನಾನು ಬಂದುಹೋದ ಮನೇಲಿ ಮಿಷನ್ ಇದೆ ಅನ್ನೋದೇ ಮರೆತುಹೋಗ್ಬೇಕು. ನನ್ನನ್ನೂ ಮರೀಲಿ, ಪರವಾಗಿಲ್ಲ,” ಎನ್ನುತ್ತಾರೆ.

ಆ ಬೆಳಿಗ್ಗೆ ಮೇಲಿನವರಿಗೆ ಯಂತ್ರ ಉಳಿಯಿತು, ಕೆಳಗಿನವರಿಗೆ ನಿದ್ದೆ ದಕ್ಕಿತು. ಹೋದದ್ದು ಒಂದು ನೀಲಿ ಲೋಟ.