ಬುಧವಾರದ ಉಪನ್ಯಾಸಗಳ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗೈ ಬೆರಳುಗಳ ಸಂದಿಯಲ್ಲಿ ಸದಾ ಮೈದಾ ಅಂಟು ಒಣಗಿರುತ್ತಿತ್ತು. ಕಪ್ಪುಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿಯ ಜೊತೆ ಅದೂ ಉದುರುತ್ತಿತ್ತು. ಚೆನ್ನೈ ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಸಾರ್ವಜನಿಕ ಉಪನ್ಯಾಸ ಏರ್ಪಡಿಸುತ್ತಿದ್ದವರು ಅವರು. ಪೋಸ್ಟರುಗಳನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಕೈಯಾರೆ ಬರೆದು, ತ್ರಿಪ್ಲಿಕೇನಿನ ಮೆಸ್ಸುಗಳ ಗೋಡೆಗೆ, ಬಸ್ ಸ್ಟಾಪುಗಳಿಗೆ ತಾವೇ ಅಂಟಿಸಿ ಬರುತ್ತಿದ್ದರು. ನಾವು ಹೋಗುತ್ತೇವೆ ಎಂದರೆ, "ವೇಂಡಾಂ, ಬೇಡ, ನೀವು ಸಿನಿಮಾ ಪೋಸ್ಟರ್ ಮೇಲೆ ಅಂಟಿಸಿ ಒದೆ ತಿಂತೀರಿ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ, ನಾನು ಅಲ್ಲೇ ಎಂ.ಎ. ಸೇರಿದ್ದೆ. ನನ್ನ ಹರಕು ತಮಿಳು ಕೇಳಿ ಮೇಷ್ಟ್ರು ಮೊದಲ ದಿನವೇ, "ಊರು ಯಾವುದಮ್ಮಾ?" ಎಂದು ಕನ್ನಡದಲ್ಲಿ ಕೇಳಿದಾಗ ಕಣ್ಣು ತುಂಬಿಬಂದಿತ್ತು. ಅವರದು ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ಕುಟುಂಬ. ಮಾತು ಅರ್ಧ ಕನ್ನಡ, ಅರ್ಧ ತಮಿಳು. ವರ್ಷ ತುಂಬುವುದರೊಳಗೆ ನನ್ನನ್ನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಮಾಡಿದರು.

ಎಷ್ಟೋ ಬುಧವಾರ ಐದಾರು ಜನ ಮಾತ್ರ ಬರುತ್ತಿದ್ದರು. ಅವರಿಗೆ ಅದರ ಬೇಸರವಿರಲಿಲ್ಲ. "ಮೂರು ಜನ ಬಂದ್ರೆ ಸಭೆ, ನಾಲ್ಕು ಜನ ಬಂದ್ರೆ ಸಮ್ಮೇಳನ" ಎಂದು ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಎಂಥ ದೊಡ್ಡ ವಿದ್ವಾಂಸರೇ ಬರಲಿ, 'ಅಂದಿನ ಜನ' ಎಂದರೆ ಸಾಕು, ಹಿಂದಿನಿಂದ ಕೈ ಮೇಲೆ ಹೋಗುತ್ತಿತ್ತು. "ಯಾವ ಜನ? ಹೆಸರು ಗೊತ್ತಿದ್ದರೆ ಹೇಳಿ."

ನಮ್ಮ ಕ್ಯಾಂಪಸ್ಸಿನ ಹಿಂದುಗಡೆ ಅರವತ್ತು ಎಪ್ಪತ್ತು ಗುಡಿಸಲುಗಳಿದ್ದವು. ಆ ಜಾಗದಲ್ಲಿ ಹೊಸ ಕಟ್ಟಡ ಬರುತ್ತದೆಂಬ ಸುದ್ದಿ ಹಬ್ಬಿದಾಗ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕಳಿಸಿದರು. ಟೇಪ್ ರೆಕಾರ್ಡರ್ ಹಿಡಿದು ಎರಡು ತಿಂಗಳು ಮನೆಮನೆ ತಿರುಗಿ ಹಿರಿಯರ ನೆನಪುಗಳನ್ನು ಬರೆದುಕೊಂಡೆವು. ಆಮೇಲೆ ಅವರಲ್ಲೇ ಒಬ್ಬ ಅಜ್ಜಿಯನ್ನು ಬುಧವಾರದ ಉಪನ್ಯಾಸಕ್ಕೆ ಕರೆಯೋಣ ಎಂದರು ಮೇಷ್ಟ್ರು. ಅನುಮತಿಪತ್ರ ಟೈಪು ಮಾಡಿ ವಿಭಾಗದ ಮುಖ್ಯಸ್ಥರಿಗೆ ಕೊಟ್ಟವಳು ನಾನೇ. ಅವರು ಓದಿದರು, "ಸರಿ, ನಡೆಸಿ" ಎಂದರು, ಸಹಿ ಹಾಕದೆ ಡ್ರಾಯರಿನಲ್ಲಿಟ್ಟರು.

ಆ ದಿನ ಕೋಣೆ ತುಂಬಿ, ಜನ ಕಾರಿಡಾರಿನಲ್ಲಿ ನಿಂತಿದ್ದರು. ಅಜ್ಜಿ ತಮಿಳಿನಲ್ಲಿ ಹತ್ತೇ ನಿಮಿಷ ಮಾತಾಡಿದಳು. "ಈ ಕಟ್ಟಡಕ್ಕೆ ಕಲ್ಲು ಹೊತ್ತವನು ನಮ್ಮಪ್ಪ. ಆಗ ಇಲ್ಲೇ ಇರಿ ಅಂದರು. ಈಗ ಇಲ್ಲಿ ಯಾಕಿದ್ದೀರಿ ಅಂತಾರೆ."

ಮರುದಿನ ಅದು ಪತ್ರಿಕೆಯಲ್ಲಿ ಬಂತು. ಮೇಲಿನವರು ವಿವರಣೆ ಕೇಳಿದರು. ಮುಖ್ಯಸ್ಥರು ತಮಗೆ ಯಾವ ಪತ್ರವೂ ಬಂದಿಲ್ಲವೆಂದರು. ವಿಚಾರಣಾ ಸಮಿತಿ ಕೂತಿತು. ಅದರ ಹಿಂದಿನ ದಿನ ಮುಖ್ಯಸ್ಥರು ನನ್ನನ್ನು ಕರೆಸಿದರು. "ನಿನ್ನ ಪಿಎಚ್.ಡಿ. ಅರ್ಜಿ ನನ್ನ ಮೇಜಿನ ಮೇಲಿದೆ" ಎಂದು ನಕ್ಕರು. "ಚಿಕ್ಕ ಹುಡುಗಿ ನೀನು. ಎಲ್ಲಾ ನೆನಪಿರಬೇಕು ಅಂತೇನೂ ಇಲ್ಲ."

ಸಮಿತಿಯ ಮುಂದೆ ಮೇಷ್ಟ್ರು ನನ್ನ ಎಡಕ್ಕೆ ಕೂತಿದ್ದರು. ಮುಖ್ಯಸ್ಥರಿಗೆ ಪತ್ರ ಕೊಟ್ಟಿದ್ದೆಯಾ ಎಂದು ಸಮಿತಿಯವರು ನನ್ನನ್ನು ಕೇಳಿದರು.

"ನೆನಪಿಲ್ಲ ಸಾರ್" ಎಂದೆ.

ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. ಸಮಿತಿ ಅವರಿಗೂ ಒಂದು ಪ್ರಶ್ನೆ ಕೇಳಿತು. "ನನಗೆ ಹೇಳುವುದು ಏನೂ ಇಲ್ಲ" ಎಂದು ಎದ್ದುಬಿಟ್ಟರು.

ಅವರನ್ನು ಅಂಚೆ ಶಿಕ್ಷಣದ ಕಚೇರಿಗೆ ಹಾಕಿದರು. ಪಾಠವಿಲ್ಲ, ವಿದ್ಯಾರ್ಥಿಗಳಿಲ್ಲ, ಯಾರಿಗೆ ಯಾವ ಪುಸ್ತಕ ಹೋಗಬೇಕೆಂದು ವಿಳಾಸ ತಾಳೆ ನೋಡುವ ಕೆಲಸ. ಬುಧವಾರದ ಉಪನ್ಯಾಸ ನಿಂತಿತು. ಕೆಲವು ತಿಂಗಳಲ್ಲಿ ಗುಡಿಸಲುಗಳನ್ನೂ ಒಂದು ಬೆಳಗ್ಗೆ ಕೆಡವಿ, ಅಲ್ಲಿದ್ದವರನ್ನು ಲಾರಿಗಳಲ್ಲಿ ಊರಾಚೆ ಸಾಗಿಸಿದರು. ನನಗೆ ಪಿಎಚ್.ಡಿ. ಸೀಟು ಸಿಕ್ಕಿತು. ಅಂಚೆ ಶಿಕ್ಷಣದ ಕಚೇರಿ ಇದ್ದ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟೆ. ಒಮ್ಮೆ ಗಿಂಡಿ ಸ್ಟೇಷನ್ನಿನಲ್ಲಿ ಅವರು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದು ಕಂಡು, ಕಂಬದ ಮರೆಗೆ ಸರಿದೆ.

ಎಂಟು ವರ್ಷದ ಮೇಲೆ, ನಾನು ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ, ಅವರಿಗೆ ಎರಡೂ ಮೂತ್ರಪಿಂಡ ಹೋಗಿವೆಯೆಂದು ತಿಳಿಯಿತು. ಧೈರ್ಯ ಮಾಡಿ ಮನೆಗೆ ಹೋದೆ. ಮುಖ ಊದಿತ್ತು, ಕೈಗಳು ಒಣಗಿದ ಕಡ್ಡಿಯಂತಾಗಿದ್ದವು. "ಬಾಮ್ಮಾ, ಕೂತ್ಕೋ" ಎಂದರು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ, ಆ ದಿನದ್ದನ್ನೆಲ್ಲ ಹೇಳಿ ಅತ್ತೆ.

ಮೇಷ್ಟ್ರು ಅಳು ನಿಲ್ಲುವವರೆಗೆ ಕಾದರು. "ಗೊತ್ತು. ಭಯ ಇತ್ತು ನಿನಗೆ. ಪತ್ರ ಕೊಡಲಿಲ್ಲ ಅಂದಿದ್ರೆ ಪರವಾಯಿಲ್ಲ, ಸುಳ್ಳು ಅಂತ ಬಿಡ್ತಿದ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನೆನಪಿಲ್ಲ ಅಂದ್ಯಲ್ಲಮ್ಮಾ. ಹಿಸ್ಟರಿ ಓದಿದವಳು."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ನನ್ನ ಕಾಲೇಜಿನಲ್ಲಿ ಎಷ್ಟು ಮಕ್ಕಳು ಇತಿಹಾಸ ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿದರು. ಮೂರು ವಾರದಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ, ಆ ಪತ್ರದ ವಿಷಯದಲ್ಲಿ ನಡೆದದ್ದನ್ನೆಲ್ಲ ನಾಲ್ಕು ಪುಟ ಬರೆದು ಸಹಿ ಹಾಕಿ, ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಯಾವ ದಿನ, ಯಾವ ಡ್ರಾಯರು, ಯಾರು ಏನಂದರು, ನಾನು ಏನಂದೆ. ಉತ್ತರ ಬರಲಿಲ್ಲ. ಒಂದು ಪ್ರತಿ ತೆಗೆದುಕೊಂಡು ಮೇಷ್ಟ್ರ ಹೆಂಡತಿಯ ಹತ್ತಿರ ಹೋದೆ. ಅವರು ಬಾಗಿಲಲ್ಲೇ ನಿಂತು ನಾಲ್ಕೂ ಪುಟ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಇದು ಅವರ ಕೈಗೆ ಸೇರಬೇಕಾದ ಕಾಗದ. ನನಗೆ ಯಾಕಮ್ಮಾ ತಂದು ಕೊಡ್ತೀಯಾ?"

ಅವರು ಪುಟಗಳನ್ನು ಮಡಚಿ ನನ್ನ ಕೈಗೇ ಇಟ್ಟು, ಬಾಗಿಲು ಹಾಕಿಕೊಂಡರು.